ಹೊರಗೆ 20 ಮೀಟರ್, ಒಳಗೆ 25 ಮಿಲಿಮೀಟರ್

ದಿನವೂ ಕೆಲಸಕ್ಕೆ ಹೋಗಿಬರಲು ಬೈಕು ಕೊಳ್ಳುವವರ ಮೊದಲ ಪ್ರಶ್ನೆ ‘ಎಷ್ಟು ಸಿಸಿ?’, ಎರಡನೆಯದು ‘ಎಷ್ಟು ಮೈಲೇಜು?’ ಬ್ರೇಕು ಹೇಗಿದೆ ಎಂದು ಕೇಳುವವರು ಅಪರೂಪ. ಹೆಲ್ಮೆಟ್ಟನ್ನಂತೂ ಬೆರಳಗಿಣ್ಣಿನಿಂದ ಕುಟ್ಟಿ ನೋಡುತ್ತಾರೆ. ‘ಗಟ್ಟಿಯಾಗಿದೆ’ ಎನಿಸಿದರೆ ಆಯ್ಕೆ ಮುಗಿಯಿತು. ಎರಡು ಕಡೆಯೂ ಮರೆತಿರುವುದು ಒಂದೇ ಸಂಗತಿ: ವೇಗವನ್ನು ಕಳೆದುಕೊಳ್ಳಲು ಜಾಗ ಬೇಕು. ಬೈಕಿಗೆ ಅದು ಮೀಟರುಗಳಲ್ಲಿ ಸಿಗುತ್ತದೆ, ತಲೆಗೆ ಮಿಲಿಮೀಟರುಗಳಲ್ಲಿ.

ಸಿಸಿಯ ಲೆಕ್ಕವನ್ನು ಮೊದಲು ಮುಗಿಸಿಬಿಡೋಣ. ಸವಾರನೂ ಸೇರಿ 220 ಕಿಲೋ ತೂಗುವ ಬೈಕು ಸಮತಟ್ಟು ರಸ್ತೆಯಲ್ಲಿ ಗಂಟೆಗೆ 50 ಕಿ.ಮೀ. ವೇಗವನ್ನು ಕಾಯ್ದುಕೊಳ್ಳಲು ಚಕ್ರಕ್ಕೆ ಸುಮಾರು 2 ಅಶ್ವಶಕ್ತಿ ತಲುಪಿದರೆ ಸಾಕು. ವೇಗ 100ಕ್ಕೆ ಏರಿದರೆ 12 ಬೇಕಾಗುತ್ತದೆ, ಏಕೆಂದರೆ ಗಾಳಿಯನ್ನು ಸೀಳಲು ತಗಲುವ ಶಕ್ತಿ ವೇಗದ ಘನದಷ್ಟು ಹೆಚ್ಚುತ್ತದೆ. ಊರೊಳಗಿನ ಓಡಾಟಕ್ಕೆ 110–125 ಸಿಸಿ ಎಂಜಿನ್ನಿನ 8ರಿಂದ 11 ಅಶ್ವಶಕ್ತಿ ಧಾರಾಳ. ದಿನವೂ ಹಿಂದೆ ಒಬ್ಬರು ಕೂರುವುದಾದರೆ ಅಥವಾ ಹೆದ್ದಾರಿಯಲ್ಲಿ ಬಹುದೂರ ಹೋಗಬೇಕಾದರೆ 150–160 ಸಿಸಿಗೆ ಅರ್ಥವಿದೆ. ಸಿಸಿಗಿಂತ ಸೀಟಿನ ಎತ್ತರ ಮುಖ್ಯ: ಕೂತಾಗ ಎರಡೂ ಪಾದಗಳ ಮುಂಭಾಗ ನೆಲಕ್ಕೆ ಊರಬೇಕು. ದಟ್ಟಣೆಯಲ್ಲಿ ನಿಂತು ನಿಂತು ಸಾಗುವಾಗ ಬೈಕು ಬೀಳುವುದು ವೇಗದಿಂದಲ್ಲ, ಕಾಲು ಎಟುಕದೆ.

ಈಗ ಬ್ರೇಕು. ‘ಮುಂದಿನ ಬ್ರೇಕ್ ಹಿಡಿದರೆ ಪಲ್ಟಿ ಹೊಡೀತೀಯ’ ಎನ್ನುವ ಉಪದೇಶದಷ್ಟು ದುಬಾರಿಯಾದ ಉಪದೇಶ ರಸ್ತೆಯ ಮೇಲೆ ಇನ್ನೊಂದಿಲ್ಲ. ನಿಂತ ಬೈಕಿನಲ್ಲಿ ತೂಕದ ನೂರರಲ್ಲಿ 48 ಪಾಲು ಮುಂದಿನ ಚಕ್ರದ ಮೇಲೆ, 52 ಪಾಲು ಹಿಂದಿನದರ ಮೇಲೆ ಇದೆ ಎಂದಿಟ್ಟುಕೊಳ್ಳಿ. ಬ್ರೇಕು ಹಿಡಿಯುವ ಬಲ ನೆಲದ ಮಟ್ಟದಲ್ಲಿ, ಟೈರಿನ ತಳದಲ್ಲಿ ದುಡಿಯುತ್ತದೆ. ಗುರುತ್ವಕೇಂದ್ರ ಮಾತ್ರ ಅದಕ್ಕಿಂತ ಸುಮಾರು 65 ಸೆಂ.ಮೀ. ಮೇಲೆ, ಮುಂದಕ್ಕೇ ಹೋಗುವ ಹಟದಲ್ಲಿರುತ್ತದೆ. ಎರಡು ಚಕ್ರಗಳ ನಡುವೆ 130 ಸೆಂ.ಮೀ. ಅಂತರವಿದ್ದು, ಗುರುತ್ವವೇಗೋತ್ಕರ್ಷದ 0.7 ಪಟ್ಟು ಮಂದನ (ವೇಗ ಇಳಿಯುವ ದರ) ಬಂದರೆ, ಒಟ್ಟು ತೂಕದ 35 ಪಾಲು ಮುಂದಕ್ಕೆ ವಾಲುತ್ತದೆ. ಆಗ ಮುಂದೆ 83, ಹಿಂದೆ ಬರೀ 17. ಹಿಡಿತವಿರುವುದು ಭಾರ ಇದ್ದಲ್ಲಿ. ಹಿಂದಿನ ಚಕ್ರವನ್ನು ಎಷ್ಟೇ ಜೋರಾಗಿ ತುಳಿದು ನಿಲ್ಲಿಸಿದರೂ ಅದು ಹಗುರಾಗಿ ಉಜ್ಜಿಕೊಂಡು ಹೋಗುತ್ತದೆ, ಅಷ್ಟೇ.

ಒಣ ರಸ್ತೆಯಲ್ಲಿ ಗಂಟೆಗೆ 60 ಕಿ.ಮೀ. ವೇಗದಿಂದ ಎರಡೂ ಬ್ರೇಕು ಸರಿಯಾಗಿ ಬಳಸಿದವರು ಸುಮಾರು 20 ಮೀಟರಿನಲ್ಲಿ ನಿಲ್ಲುತ್ತಾರೆ. ಹಿಂದಿನದನ್ನು ಮಾತ್ರ ತುಳಿದವರಿಗೆ 0.3 ಪಟ್ಟು ಮಂದನ ಸಿಕ್ಕರೆ ಹೆಚ್ಚು; ಅವರಿಗೆ 47 ಮೀಟರ್ ಬೇಕು. ಮೊದಲನೆಯವರು ನಿಂತ ಜಾಗವನ್ನು ಎರಡನೆಯವರು ಗಂಟೆಗೆ 45 ಕಿ.ಮೀ. ವೇಗದಲ್ಲಿ ಹಾದುಹೋಗುತ್ತಿರುತ್ತಾರೆ. ಅಪಾಯ ಕಂಡು ಕೈಯಾಡಿಸಲು ತಗಲುವ ಒಂದು ಸೆಕೆಂಡಿನ 17 ಮೀಟರನ್ನು ಇಬ್ಬರಿಗೂ ಬೇರೆಯಾಗಿ ಸೇರಿಸಿಕೊಳ್ಳಿ.

ಭಯಕ್ಕೆ ಕಾರಣವಿಲ್ಲವೆಂದಲ್ಲ. ಮುಂದಿನ ಚಕ್ರ ಲಾಕ್ ಆದರೆ ಹ್ಯಾಂಡಲಿನಿಂದ ಸಮತೋಲನ ಕಾಯುವ ದಾರಿಯೇ ಮುಚ್ಚಿ, ಬೈಕು ಕ್ಷಣದಲ್ಲಿ ಮಲಗುತ್ತದೆ. ಆದರೆ ಲಾಕ್ ಆಗುವುದು ಬಹುಪಾಲು ಲಿವರನ್ನು ಗಬಕ್ಕನೆ ಸೆಳೆದಾಗ: ಮುಂದಿನ ಚಕ್ರವನ್ನು ಹಿಡಿದಿರುವ ಸ್ಪ್ರಿಂಗಿನ ಫೋರ್ಕ್ ಕುಗ್ಗಿ ಭಾರ ಮುಂದಕ್ಕೆ ಬಂದು ಕೂರಲು ಸೆಕೆಂಡಿನ ಒಂದು ಚಿಕ್ಕ ಭಾಗ ಬೇಕು, ಬ್ರೇಕು ಅದಕ್ಕೂ ಮೊದಲೇ ಹಿಡಿದುಬಿಟ್ಟಿರುತ್ತದೆ. ಮೊದಲು ಮೆಲ್ಲಗೆ ಅದುಮಿ, ಮುಂಭಾಗ ತಗ್ಗಿದ್ದು ಅರಿವಾದ ಮೇಲೆ ಬಿಗಿ ಹೆಚ್ಚಿಸಬೇಕು. ವಾಲಿಕೊಂಡಿರುವಾಗ, ಮರಳಿನ ಮೇಲೆ, ಒದ್ದೆಯಾದ ಬಣ್ಣದ ಪಟ್ಟೆಯ ಮೇಲೆ ಈ ಲೆಕ್ಕ ನಡೆಯದು.

ಅದಕ್ಕೇ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಇರುವ ಮಾದರಿ ಸಿಗುವುದಾದರೆ ಚರ್ಚೆ ಬೇಡ. 1988ರಲ್ಲಿ ಬಿಎಂಡಬ್ಲ್ಯು ಕೆ100 ಮೂಲಕ ಬೈಕುಗಳಿಗೆ ಬಂದ ಈ ಎಲೆಕ್ಟ್ರಾನಿಕ್ ವ್ಯವಸ್ಥೆ, ಚಕ್ರ ತಿರುಗುವ ವೇಗ ಹಠಾತ್ ಕುಸಿದದ್ದನ್ನು ಗುರುತಿಸಿ ಸೆಕೆಂಡಿಗೆ ಹಲವು ಸಲ ಒತ್ತಡ ಬಿಟ್ಟು ಹಿಡಿಯುತ್ತದೆ. ಒಂದೇ ಚಾನೆಲ್ ಇದ್ದರೂ, ಅಂದರೆ ಒಂದೇ ಚಕ್ರವನ್ನು ಕಾಯುವುದಾದರೂ, ಅದು ಮುಂದಿನ ಚಕ್ರಕ್ಕಿದ್ದರೆ ಸಾಕು. ಎರಡು ಬ್ರೇಕನ್ನು ಜೋಡಿಸಿದ ಸಿಬಿಎಸ್ ಬೇರೆ ಸಂಗತಿ: ಪೆಡಲ್ ತುಳಿದಾಗ ಮುಂದಿನದನ್ನೂ ಅಷ್ಟಿಷ್ಟು ಎಳೆಯುತ್ತದೆ, ಲಾಕ್ ಆಗುವುದನ್ನು ತಡೆಯುವುದಿಲ್ಲ. ಟೈರು ಟ್ಯೂಬ್‌ಲೆಸ್ ಇರಲಿ. ಮೊಳೆ ಚುಚ್ಚಿದರೆ ಗಾಳಿ ಸಾಮಾನ್ಯವಾಗಿ ನಿಧಾನಕ್ಕೆ ಇಳಿಯುತ್ತದೆ. ಪಕ್ಕದಲ್ಲಿ ಒತ್ತಿರುವ ನಾಲ್ಕಂಕಿ ನೋಡಿ: 2324 ಎಂದರೆ 2024ರ 23ನೇ ವಾರ ತಯಾರಾದದ್ದು. ಗಾಳಿಯನ್ನು ಬೆಳಿಗ್ಗೆ, ಟೈರು ತಣ್ಣಗಿರುವಾಗಲೇ ಅಳೆಯಬೇಕು. ಓಡಿಸಿ ಬಿಸಿಯಾದ ಮೇಲೆ ಅಳೆದರೆ ಕಡಿಮೆ ಇದ್ದರೂ ಸರಿಯಿದ್ದಂತೆ ತೋರುತ್ತದೆ. ಡಿಸ್ಕ್ ಬ್ರೇಕಿನ ದ್ರವ ಗಾಳಿಯ ತೇವ ಹೀರುವ ಸ್ವಭಾವದ್ದು, ಎರಡು ವರ್ಷಕ್ಕೊಮ್ಮೆ ಬದಲಿಸದಿದ್ದರೆ ಬಿಸಿಯಾದಾಗ ಆವಿಯ ಗುಳ್ಳೆ ಎದ್ದು ಲಿವರ್ ಸಡಿಲವಾಗುತ್ತದೆ.

ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ತಂಡ ಸುಮಾರು 900 ಬೈಕ್ ಅಪಘಾತಗಳನ್ನು ಸ್ಥಳದಲ್ಲೇ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಹೆಚ್ಚಿನ ಸವಾರರು ಹಿಂದಿನ ಬ್ರೇಕನ್ನು ಅತಿಯಾಗಿ ತುಳಿದು ಚಕ್ರ ಜಾರಿಸಿದ್ದರು, ಮುಂದಿನದನ್ನು ಸಾಕಷ್ಟು ಬಳಸಿರಲಿಲ್ಲ. ಡಿಕ್ಕಿಯ ಕ್ಷಣದ ಮಧ್ಯಕ ವೇಗ ಗಂಟೆಗೆ ಬರೀ 35 ಕಿ.ಮೀ. ‘ನಾನೇನು ರೇಸಿಗೆ ಹೊರಟಿದ್ದೇನೆಯೇ’ ಎನ್ನುವವರ ವೇಗವೇ ಅದು.

ಹೆಲ್ಮೆಟ್ ಕತೆ ಅದಕ್ಕೂ ಹಳೆಯದು. ‘ಅರೇಬಿಯಾದ ಲಾರೆನ್ಸ್’ ಎಂದು ಹೆಸರಾದ ಬ್ರಿಟಿಷ್ ಸೇನಾಧಿಕಾರಿ, ಲೇಖಕ ಟಿ. ಇ. ಲಾರೆನ್ಸ್ 1935ರ ಮೇನಲ್ಲಿ ಬೈಕಿನಿಂದ ಬಿದ್ದು ತಲೆಗೆ ಪೆಟ್ಟಾಗಿ ಕೆಲವೇ ದಿನಗಳಲ್ಲಿ ತೀರಿಕೊಂಡ. ಆತನನ್ನು ನೋಡಿದ ವೈದ್ಯರಲ್ಲಿ ನರಶಸ್ತ್ರಚಿಕಿತ್ಸಕ ಹ್ಯೂ ಕೇರ್ನ್ಸ್ ಒಬ್ಬರು. 1941ರಲ್ಲಿ ಅವರು ಸವಾರರ ತಲೆಪೆಟ್ಟುಗಳ ಬಗ್ಗೆ ಪ್ರಬಂಧ ಪ್ರಕಟಿಸಿದರು. ಅದೇ ವರ್ಷ ಬ್ರಿಟಿಷ್ ಸೇನೆ ತನ್ನ ಬೈಕ್ ಸವಾರರಿಗೆ ಹೆಲ್ಮೆಟ್ ಕಡ್ಡಾಯ ಮಾಡಿತು. ಆದರೆ ಇಂದಿನ ಹೆಲ್ಮೆಟ್ಟಿನ ಜೀವಾಳವಾದ ಒಳಪದರ ಬಂದದ್ದು ಚಾರ್ಲ್ಸ್ ಲೊಂಬಾರ್ಡ್ ಅವರಿಂದ, 1953ರಲ್ಲಿ ಸಿಕ್ಕ ಪೇಟೆಂಟಿನಲ್ಲಿ. ಅವರದೂ ಹರ್ಟ್ ಅವರ ವಿಶ್ವವಿದ್ಯಾಲಯವೇ.

ಆ ಪದರ ಥರ್ಮೋಕೋಲಿನದೇ ಜಾತಿ ಎಂದು ತಿಳಿದಾಗ ‘ಇದಕ್ಕಾ ಇಷ್ಟು ಬೆಲೆ’ ಎಂದು ಮೂಗು ಮುರಿಯುವವರಿದ್ದಾರೆ. ಅದರ ಕೆಲಸ ಜಜ್ಜಿಹೋಗುವುದು. ಕೆಳಗಿನಿಂದ ಎಸೆದ ಇಟ್ಟಿಗೆಯನ್ನು ಮೇಲೆ ನಿಂತು ಹಿಡಿಯುವ ಗಾರೆಯವನು ಕೈಯನ್ನು ಅದರ ಜೊತೆಗೇ ಒಂದಿಷ್ಟು ಸರಿಸುತ್ತಾನಲ್ಲ, ಪದರ ತಲೆಗೆ ಮಾಡುವುದು ಅದನ್ನೇ. ಸೆಕೆಂಡಿಗೆ 7.5 ಮೀಟರ್ ವೇಗದಲ್ಲಿ ಬಡಿದ ತಲೆ 35 ಮಿ.ಮೀ. ಪದರವನ್ನು 25 ಮಿ.ಮೀ. ಅಮುಕಿ ನಿಂತರೆ ಸರಾಸರಿ ಮಂದನ ಗುರುತ್ವದ 115 ಪಟ್ಟು. ಪದರವಿಲ್ಲದೆ ನೆತ್ತಿಯ ಚರ್ಮದ 2 ಮಿ.ಮೀ. ಮಾತ್ರ ಸಿಕ್ಕರೆ 1,400 ಪಟ್ಟು ಮೀರುತ್ತದೆ. ಹೊರಚಿಪ್ಪು ಹೊಡೆತವನ್ನು ಅಗಲಕ್ಕೆ ಹಂಚುತ್ತದೆ, ಚೂಪಾದದ್ದು ಒಳನುಗ್ಗದಂತೆ ತಡೆಯುತ್ತದೆ. ಕುಟ್ಟಿ ನೋಡುವ ಬೆರಳಿಗೆ ತಿಳಿಯುವುದು ಚಿಪ್ಪು ಮಾತ್ರ.

ಸೆಕೆಂಡಿಗೆ 7.5 ಮೀಟರ್ ಎಂದರೆ ಗಂಟೆಗೆ 27 ಕಿ.ಮೀ.; ಯುರೋಪಿನ ಇಸಿಇ 22.05 ಮಾನದಂಡದ ಪರೀಕ್ಷಾವೇಗ ಅದು. ‘ಅಷ್ಟೇನಾ? ನಾನು 60ರಲ್ಲಿ ಹೋಗ್ತೀನಿ’ ಎನ್ನಬೇಡಿ. ಬಿದ್ದಾಗ ತಲೆ ನೆಲಕ್ಕೆ ಬಡಿಯುವ ವೇಗವನ್ನು ಬಹುಪಾಲು ತೀರ್ಮಾನಿಸುವುದು ಬಿದ್ದ ಎತ್ತರ, 1.6 ಮೀಟರಿನಿಂದ ಬಿದ್ದರೆ ಗಂಟೆಗೆ ಸುಮಾರು 20 ಕಿ.ಮೀ. ಮುಂದಿನ ದಿಕ್ಕಿನ ವೇಗ ಜಾರುತ್ತಾ ಕಳೆಯುತ್ತದೆ, ದಾರಿಯಲ್ಲಿ ಕಂಬವೋ ಗೋಡೆಯೋ ಎದುರಾಗದಿದ್ದರೆ. ಹೊಸ 22.06 ಇನ್ನೂ ಹೆಚ್ಚಿನ ವೇಗದ ಹೊಡೆತವನ್ನೂ ಓರೆ ಹೊಡೆತದಲ್ಲಿ ತಲೆ ತಿರುಚುವುದನ್ನೂ ಪರೀಕ್ಷಿಸುತ್ತದೆ.

ಜಜ್ಜಿದ ಪದರ ಮತ್ತೆ ಉಬ್ಬುವುದಿಲ್ಲ. ಅಪಘಾತ ಕಂಡ ಹೆಲ್ಮೆಟ್ ಹೊರಗೆ ಹೊಳೆಯುತ್ತಿದ್ದರೂ ಬಿಸಾಡಿ. ಖಾಲಿ ಹೆಲ್ಮೆಟ್ ಸೀಟಿನಿಂದ ಬಿದ್ದದ್ದಕ್ಕೆ ಅಷ್ಟು ಗಾಬರಿ ಬೇಡ, ಒಳಗಿನಿಂದ ಅಮುಕಲು ತಲೆ ಇರಲಿಲ್ಲ. ಅದಕ್ಕಿಂತ ಕೆಟ್ಟದ್ದು ದಿನವೂ ಕನ್ನಡಿಗೆ ನೇತುಹಾಕುವುದು: ಪದರದಲ್ಲಿ ಗುಳಿ ಬೀಳುತ್ತದೆ. ಪೆಟ್ರೋಲು ತಾಗಿದರೆ ಪದರ ಕರಗುತ್ತದೆ.

ಅಳತೆಗೆ ಹುಬ್ಬಿನಿಂದ ಎರಡು ಬೆರಳು ಮೇಲೆ ಟೇಪು ಸುತ್ತಿ. ಹಾಕಿಕೊಂಡು 15 ನಿಮಿಷ ಇರಿ. ಹಣೆಯಲ್ಲಿ ಒಂದೇ ಕಡೆ ಕೆಂಪಾಗಿ ನೋಯುತ್ತಿದ್ದರೆ ಅದರ ಆಕಾರ ನಿಮ್ಮ ತಲೆಯದಲ್ಲ. ಹೆಲ್ಮೆಟ್ ಹಿಡಿದು ಅಲುಗಿಸಿದರೆ ಕೆನ್ನೆಯ ಚರ್ಮವೂ ಜೊತೆಗೆ ಅಲುಗಬೇಕು. ಪಟ್ಟಿ ಬಿಗಿದು, ಹಿಂಭಾಗದ ಅಂಚಿನಿಂದ ಮುಂದಕ್ಕೆ ಎತ್ತಿ ನೋಡಿ. ಕಳಚಿ ಬಂದರೆ ಬೇಡ. ಗಲ್ಲ ಮುಚ್ಚುವ ಪೂರ್ಣ ಹೆಲ್ಮೆಟ್ಟೇ ಇರಲಿ, ಮುಖಕ್ಕೂ ನೆಲಕ್ಕೂ ನಡುವೆ ಬೇರೇನೂ ಇರುವುದಿಲ್ಲ.

ಗಂಟೆಗೆ 50 ಕಿ.ಮೀ. ವೇಗದಿಂದ ಡಾಂಬರಿನ ಮೇಲೆ ಜಾರಿದ ದೇಹ ನಿಲ್ಲಲು ಎರಡು ಸೆಕೆಂಡಿನ ಮೇಲೆ ಹಿಡಿಯುತ್ತದೆ. ಮಾಮೂಲಿ ಜೀನ್ಸ್ ಅಷ್ಟು ಹೊತ್ತು ತಡೆಯುವುದಿಲ್ಲ. ಮೊದಲು ಕೊಳ್ಳಬೇಕಾದದ್ದು ಅಂಗೈಗೆ ಗಟ್ಟಿ ತುಣುಕಿರುವ ಕೈಗವಸು, ಯಾಕೆಂದರೆ ಬೀಳುವಾಗ ಕೈ ತಾನಾಗಿ ಮುಂದಕ್ಕೆ ಹೋಗುತ್ತದೆ. ಆಮೇಲೆ ಹರಡು ಮುಚ್ಚುವ ಬೂಟು, ನಂತರ ಮೊಣಕೈ–ಭುಜಕ್ಕೆ ಪ್ಯಾಡಿರುವ ಜಾಲರಿ ಜಾಕೆಟ್. ಪ್ಯಾಡಿನ ಮೇಲೆ ಯುರೋಪಿನ ಮಾನದಂಡವಾದ ಇಎನ್ 1621-1 ಎಂದಿದ್ದು, ಹಂತ 2 ಆದರೆ ಒಳಗೆ ದಾಟುವ ಬಲ ಸರಾಸರಿ 20 ಕಿಲೋನ್ಯೂಟನ್ ಒಳಗೆ, ಹಂತ 1 ಆದರೆ 35ರ ಒಳಗೆ.

ಬಣ್ಣಕ್ಕೂ ಲೆಕ್ಕವಿದೆ. ನ್ಯೂಜಿಲೆಂಡಿನಲ್ಲಿ ನಡೆದು 2004ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಪ್ರತಿಫಲಿಸುವ ಅಥವಾ ಪ್ರತಿದೀಪ್ತ (ಫ್ಲೋರೊಸೆಂಟ್) ಉಡುಪು ತೊಟ್ಟವರಿಗೆ ಗಾಯದ ಅಪಘಾತದ ಸಾಧ್ಯತೆ 37% ಕಡಿಮೆ ಕಂಡಿತು. ಕಪ್ಪು ಹೆಲ್ಮೆಟ್ಟಿಗಿಂತ ಬಿಳಿಯದರಲ್ಲಿ 24% ಕಡಿಮೆ. ಕಣ್ಣು ಕುಕ್ಕುವ ಪ್ರತಿದೀಪ್ತ ಹಳದಿ ಹೊಳೆಯುವುದು ಬಿಸಿಲಿನ ಅತಿನೇರಳೆಯನ್ನು ಕಾಣುವ ಬೆಳಕಾಗಿ ಬದಲಿಸಿ. ಹೆಡ್‌ಲೈಟಿನಲ್ಲಿ ಆ ಕಿರಣ ಸಾಕಷ್ಟಿರುವುದಿಲ್ಲ, ರಾತ್ರಿಗೆ ಬೆಳಕನ್ನು ಬಂದ ದಾರಿಯಲ್ಲೇ ಹಿಂದಿರುಗಿಸುವ ಬೆಳ್ಳಿಬಣ್ಣದ ಪಟ್ಟಿ ಬೇಕು. ಬೆನ್ನಿಗೆ ಬ್ಯಾಗು ಹಾಕುವವರು ಆ ಪಟ್ಟಿಯನ್ನು ಬ್ಯಾಗಿನ ಮೇಲೂ ಅಂಟಿಸಿಕೊಳ್ಳಬೇಕು. ಜಾಕೆಟ್ಟಿನ ಪಟ್ಟಿ ಅದರಡಿ ಮುಚ್ಚಿಹೋಗಿರುತ್ತದೆ.