ಟೋರ್ಗೆಲೆನ್: ಹೊಸ ವೈನ್ ಹುಡುಕಿಕೊಂಡು ಬೆಟ್ಟ ಹತ್ತುವ ಪದ್ಧತಿ

ನಡಿಗೆ, ಊಟ, ವೈನ್ ಮೂರನ್ನೂ ಸೇರಿಸಿ ಗೈಡ್ ಜೊತೆ ಕರೆದೊಯ್ಯುವ ಪ್ಯಾಕೇಜ್ ಪ್ರವಾಸಗಳು ಯುರೋಪಿನಲ್ಲಿ ಈಗ ಬೇಕಾದಷ್ಟಿವೆ. ಬೆಳಿಗ್ಗೆ ತಿಂಡಿ ತಿಂದು ಹೊರಡಿ, ಹತ್ತು ಹದಿನೈದು ಕಿಲೋಮೀಟರ್ ನಡೆಯಿರಿ, ಸಂಜೆ ಆ ಊರಿನ ಅಡುಗೆ ಉಂಡು ಆ ಊರಿನ ವೈನ್ ಕುಡಿಯಿರಿ, ನಿಮ್ಮ ಸೂಟ್‌ಕೇಸ್ ವ್ಯಾನಿನಲ್ಲಿ ಮುಂದಿನ ಊರಿಗೆ ಹೋಗಿರುತ್ತದೆ. ಇಷ್ಟೇ ವ್ಯವಸ್ಥೆ. ಇದನ್ನು ಕಂಡುಹಿಡಿದದ್ದು ಟ್ರಾವೆಲ್ ಕಂಪನಿಗಳು ಅಂದುಕೊಂಡರೆ ತಪ್ಪು. ಇಟಲಿಯ ಉತ್ತರ ತುದಿಯ ಒಂದು ಬೆಟ್ಟದ ಸೀಮೆಯಲ್ಲಿ ರೈತರು ತಮ್ಮ ಪಾಡಿಗೆ ತಾವು ಇದನ್ನು ಮಾಡಿಕೊಂಡೇ ಬಂದಿದ್ದಾರೆ. ಅದಕ್ಕೆ ಅವರು ಇಟ್ಟ ಹೆಸರು ಟೋರ್ಗೆಲೆನ್.

ಆ ಸೀಮೆ ದಕ್ಷಿಣ ಟಿರೋಲ್. ಮೊದಲ ಮಹಾಯುದ್ಧದವರೆಗೆ ಆಸ್ಟ್ರಿಯಾದ ಕೈಯಲ್ಲಿತ್ತು, 1919ರ ಒಪ್ಪಂದದಲ್ಲಿ ಇಟಲಿಗೆ ಸೇರಿತು. ದೇಶ ಬದಲಾದರೂ ಮನೆಮಾತು ಬದಲಾಗಲಿಲ್ಲ. ಇಂದಿಗೂ ಅಲ್ಲಿನ ಹೆಚ್ಚಿನವರು ಜರ್ಮನ್ ಮಾತಾಡುತ್ತಾರೆ, ಕೆಲವು ಕಣಿವೆಗಳಲ್ಲಿ ಲಾದಿನ್ ಎಂಬ ಇನ್ನೊಂದು ಭಾಷೆಯೂ ಇದೆ. ಊರಿನ ಬೋರ್ಡುಗಳಲ್ಲಿ ಎರಡೆರಡು ಹೆಸರು: ಬೋಟ್ಸನ್ ಅಂದರೂ ಅದೇ ಊರು, ಬೊಲ್ಜಾನೊ ಅಂದರೂ ಅದೇ ಊರು. ಊಟದ ಮೇಜಿನ ಮೇಲೂ ಇದೇ ಕಥೆ. ಆಸ್ಟ್ರಿಯಾದ ಹುಳಿ ಎಲೆಕೋಸು ಮತ್ತು ಇಟಲಿಯ ಪಾಸ್ತಾ ಒಂದೇ ಹೊತ್ತಿನಲ್ಲಿ ಬರುತ್ತವೆ.

ಟೋರ್ಗಲ್ ಅಂದರೆ ದ್ರಾಕ್ಷಿ ಹಿಂಡುವ ಗಾಣ. ಲ್ಯಾಟಿನ್‌ನಲ್ಲಿ ತಿರುಚು ಎಂಬ ಅರ್ಥದ ಪದದಿಂದ ಬಂದದ್ದು. ಗಾಣದ ಮನೆಗೆ ಹೋಗಿಬರುವುದೇ ಟೋರ್ಗೆಲೆನ್. ಕಾಲ ಅಕ್ಟೋಬರ್ ಶುರುವಿನಿಂದ ನವೆಂಬರ್ ಕೊನೆಯವರೆಗೆ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ ಅಡ್ವೆಂಟ್ ವಾರಗಳು ಶುರುವಾಗುವ ತನಕ. ಇದರ ಮೂಲ ಜಾಗ ಅಂತ ಎಲ್ಲರೂ ಹೇಳುವುದು ಐಸಾಕ್ ಕಣಿವೆಯನ್ನು, ಬ್ರಿಕ್ಸನ್‌ನಿಂದ ಬೋಟ್ಸನ್ ಕಡೆಗೆ ಇಳಿಯುವ ಕಣಿವೆ.

ವೈನ್ ರುಚಿ ನೋಡಲು ಬೆಟ್ಟ ಯಾಕೆ ಹತ್ತಬೇಕು? ಅಂಗಡಿಯಲ್ಲಿ ಬಾಟಲಿ ಸಿಗುತ್ತದೆ ಅಲ್ವಾ? ಟೋರ್ಗೆಲೆನ್‌ನಲ್ಲಿ ಮೊದಲು ಬರುವ ಪಾನೀಯ ಬಾಟಲಿಯಲ್ಲಿ ಸಿಗುವಂಥದ್ದಲ್ಲ. ಅದು ‘ಸೂಸರ್’, ಈಗಷ್ಟೇ ಹಿಂಡಿದ, ಹುದುಗುವುದಕ್ಕೆ ಶುರುವಾದ ದ್ರಾಕ್ಷಿ ರಸ. ಮಬ್ಬು ಬಣ್ಣ, ಸಿಹಿ ರುಚಿ, ನಾಲಿಗೆಗೆ ಸ್ವಲ್ಪ ಚುರ್ ಅನ್ನುತ್ತದೆ. ಒಳಗೆ ಯೀಸ್ಟ್ ಸಕ್ಕರೆಯನ್ನು ತಿಂದು ಆಲ್ಕೋಹಾಲ್ ಮತ್ತು ಕಾರ್ಬನ್ ಡೈಆಕ್ಸೈಡ್ ಮಾಡುತ್ತಲೇ ಇರುತ್ತದೆ. ಮುಚ್ಚಳ ಬಿಗಿದರೆ ಬಾಟಲಿ ಸಿಡಿಯುತ್ತದೆ. ಇವತ್ತಿನ ರುಚಿ ನಾಳೆ ಇರುವುದಿಲ್ಲ. ಪೀಪಾಯಿ ಇರುವ ಕಡೆಗೆ ನಾವೇ ಹೋಗಬೇಕು, ಬೇರೆ ದಾರಿ ಇಲ್ಲ. ಪೀಪಾಯಿ ಇರುವುದೋ ಬೆಟ್ಟದ ಮೇಲಿನ ತೋಟದ ಮನೆಯಲ್ಲಿ. ಐಸಾಕ್ ಕಣಿವೆಯಲ್ಲಿ ದ್ರಾಕ್ಷಿ ಸುಮಾರು 900 ಮೀಟರ್ ಎತ್ತರದವರೆಗೂ ಬೆಳೆಯುತ್ತದೆ. ಹಾಗಾಗಿ ನಡಿಗೆ ಇಲ್ಲಿ ಆಮೇಲೆ ಸೇರಿಸಿದ ಅಲಂಕಾರ ಅಲ್ಲ. ನನಗೆ ಈ ಪದ್ಧತಿಯಲ್ಲಿ ಎಲ್ಲಕ್ಕಿಂತ ಇಷ್ಟವಾದದ್ದು ಇದೇ.

ಸೂಸರ್ ಬಗ್ಗೆ ಒಂದು ಎಚ್ಚರಿಕೆ: ಸಿಹಿಯಾಗಿದೆ ಅಂತ ಲೋಟದ ಮೇಲೆ ಲೋಟ ಇಳಿಸಿದರೆ ರಾತ್ರಿ ಹೊಟ್ಟೆ ಲೆಕ್ಕ ಕೇಳುತ್ತದೆ. ಹುದುಗುವುದು ಮುಗಿದ ಮೇಲಿನ ಆ ವರ್ಷದ ಎಳೆ ವೈನ್‌ಗೆ ‘ನೂಯರ್’ ಅಂತ ಹೆಸರು, ಹೊಸದು ಅಂತ ಅರ್ಥ. ಮೇಜಿನ ಮೇಲೆ ಹಳೆಯ ಕಾಲದಿಂದ ಜಾಸ್ತಿ ಓಡಾಡಿರುವುದು ಫೆರ್ನಾಚ್ ದ್ರಾಕ್ಷಿಯ ತಿಳಿ ಕೆಂಪು ವೈನ್. ಐಸಾಕ್ ಕಣಿವೆ ಹೆಸರು ಮಾಡಿರುವುದು ಮಾತ್ರ ಬಿಳಿ ವೈನ್‌ಗೆ: ಸಿಲ್ವಾನರ್, ಮ್ಯುಲ್ಲರ್ ತುರ್ಗಾವ್, ಕೆರ್ನರ್. ಈ ಕೆರ್ನರ್ 1929ರಲ್ಲಿ ಜರ್ಮನಿಯಲ್ಲಿ ಹುಟ್ಟಿದ ಮಿಶ್ರ ತಳಿ. ಅದರ ತಂದೆ ತಾಯಿಯರಲ್ಲಿ ಒಂದು ರೀಸ್ಲಿಂಗ್, ಇನ್ನೊಂದು ಫೆರ್ನಾಚ್ ಗುಂಪಿನ ಟ್ರೋಲಿಂಗರ್. ಕೆಂಪಿಗೆ ಹುಟ್ಟಿದ ಬಿಳಿ.

ಪದ್ಧತಿ ಹೇಗೆ ಶುರುವಾಯಿತು ಅನ್ನುವುದಕ್ಕೆ ಊರಿಗೊಂದು ಕಥೆ ಇದೆ. ಕೊಯ್ಲಿಗೆ ಬಂದ ಆಳುಗಳಿಗೆ ತೋಟದವರು ಕೊನೆಗೆ ಹಾಕುತ್ತಿದ್ದ ಊಟ ಇದು ಅನ್ನುತ್ತಾರೆ ಕೆಲವರು. ವ್ಯಾಪಾರಿಗಳು ಖರೀದಿಗೆ ಮುಂಚೆ ಮನೆಮನೆ ಸುತ್ತಿ ರುಚಿ ನೋಡುತ್ತಿದ್ದರು ಅನ್ನುವುದು ಇನ್ನೊಂದು. ಮೂರನೆಯದು ಕೊಡು-ಕೊಳ್ಳುವ ಕಥೆ. ಬೇಸಿಗೆಯಲ್ಲಿ ಕೆಳಗಿನ ದ್ರಾಕ್ಷಿ ರೈತರ ದನಗಳನ್ನು ಮೇಲಿನ ಹುಲ್ಲುಗಾವಲಿನವರು ಮೇಯಿಸುತ್ತಿದ್ದರು. ಶರತ್ಕಾಲಕ್ಕೆ ಕೆಳಗಿನವರು ಅವರನ್ನು ಕರೆದು ಹೊಸ ವೈನ್ ಕೊಟ್ಟು ಋಣ ತೀರಿಸುತ್ತಿದ್ದರು. ಮೂರೂ ನಿಜವೇ ಇರಬಹುದು. ಕೊಯ್ಲು ಮುಗಿದು ಕೈ ಖಾಲಿಯಾದಾಗ ರೈತರು ಒಬ್ಬರ ಮನೆಗೊಬ್ಬರು ಹೋಗಲು ದೊಡ್ಡ ಕಾರಣ ಬೇಕಾಗಿಲ್ಲ.

ಇಂಥ ರೈತರ ಮನೆಯ ಹೋಟೆಲಿಗೆ ಬುಶೆನ್‌ಶಾಂಕ್ ಅನ್ನುತ್ತಾರೆ. ಬಾಗಿಲ ಮೇಲೆ ಹಸಿರು ಕೊಂಬೆಯ ಗೊಂಚಲು ನೇತುಹಾಕಿದ್ದರೆ ‘ವೈನ್ ಇದೆ, ಬನ್ನಿ’ ಅಂತ. 1784ರಲ್ಲಿ, ಆಗ ಆಸ್ಟ್ರಿಯಾವನ್ನು ಆಳುತ್ತಿದ್ದ ಚಕ್ರವರ್ತಿ ಎರಡನೇ ಜೋಸೆಫ್ ಒಂದು ಆದೇಶ ಹೊರಡಿಸಿ, ತಾವೇ ಬೆಳೆದ, ತಾವೇ ತಯಾರಿಸಿದ ವೈನ್ ಮತ್ತು ತಿನಿಸನ್ನು ರೈತರು ಮನೆಯಲ್ಲೇ ಮಾರಬಹುದು ಅಂದ. ಆಸ್ಟ್ರಿಯಾದ ಕಡೆ ಈ ಬಗೆಯ ಹೋಟೆಲುಗಳಿಗೆ ಬೇರು ಸಿಕ್ಕಿದ್ದು ಅಲ್ಲಿಂದ. ಕೂರಿಸುವುದು ‘ಶ್ಟೂಬೆ’ಯಲ್ಲಿ, ಅಂದರೆ ಗೋಡೆ, ಸೂರು ಎಲ್ಲಾ ಮರದ ಹಲಗೆಯ, ಮೂಲೆಯಲ್ಲಿ ದೊಡ್ಡ ಗಾರೆ ಒಲೆ ಇರುವ ನಡುಮನೆ. ಒಲೆಯ ಸುತ್ತ ಕೂರಲು ಬೆಂಚು. ಹತ್ತಿ ಬಂದ ಬೆವರು ಆರುವ ಹೊತ್ತಿಗೆ ಚಳಿ ಶುರುವಾಗಿರುತ್ತದೆ, ಆ ಬೆಂಚಿಗೆ ಎಲ್ಲರೂ ಮುಗಿಬೀಳುತ್ತಾರೆ.

ಊಟ ಒಂದು ಕ್ರಮದಲ್ಲಿ ಬರುತ್ತದೆ. ಮೊದಲು ಬಾರ್ಲಿ ಸೂಪು. ಆಮೇಲೆ ಶ್ಲುಟ್ಸ್‌ಕ್ರಾಪ್ಫನ್: ತೆಳ್ಳಗೆ ಲಟ್ಟಿಸಿದ ಹಿಟ್ಟಿನೊಳಗೆ ಪಾಲಕ್ ಮತ್ತು ಮೆತ್ತನೆ ಚೀಸ್ ತುಂಬಿ, ಕರ್ಜಿಕಾಯಿಯ ಹಾಗೆ ಅರ್ಧಚಂದ್ರಕ್ಕೆ ಮಡಚಿ, ನೀರಲ್ಲಿ ಬೇಯಿಸಿ, ಮೇಲೆ ಕರಗಿದ ಬೆಣ್ಣೆ ಸುರಿದದ್ದು. ಅದಾದ ಮೇಲೆ ಮಾಂಸದ ದೊಡ್ಡ ತಟ್ಟೆ: ಉಪ್ಪಿನಲ್ಲಿ ನೆನೆಸಿಟ್ಟ ಹಂದಿ ಮಾಂಸ, ಮನೆಯಲ್ಲೇ ತುಂಬಿದ ಸಾಸೇಜು, ಹುಳಿ ಎಲೆಕೋಸು, ಹಳೆ ಬ್ರೆಡ್ಡಿನಿಂದ ಕಟ್ಟಿದ ಕ್ನ್ಯೋಡಲ್ ಉಂಡೆ. ಕೊನೆಗೆ ಗಸಗಸೆ ಅಥವಾ ಜಾಮ್ ತುಂಬಿ ಕರಿದ ಸಿಹಿ. ನಡೆಯದೆ ಬಂದು ಕೂತವನಿಗೆ ಈ ಊಟದಲ್ಲಿ ಅರ್ಧವೂ ಇಳಿಯುವುದಿಲ್ಲ.

ಜೊತೆಗೆ ಮುರಿದು ತಿನ್ನಲು ಶ್ಯುಟ್ಟಲ್‌ಬ್ರೋಟ್ ಎಂಬ ಗಟ್ಟಿ ರೈ ರೊಟ್ಟಿ ಇರುತ್ತದೆ. ನೀರು ನೀರಾದ ಹಿಟ್ಟನ್ನು ಹಲಗೆಯ ಮೇಲಿಟ್ಟು ಅಲ್ಲಾಡಿಸಿ ಅಲ್ಲಾಡಿಸಿ ಹರಡುತ್ತಾರೆ. ಸುಟ್ಟು ಒಣಗಿಸಿದರೆ ತಿಂಗಳುಗಟ್ಟಲೆ ಕೆಡುವುದಿಲ್ಲ. ಬಾಯಿಗಿಟ್ಟರೆ ಸೋಂಪು ಗೊತ್ತಾಗುತ್ತದೆ, ಅದರ ಹಿಂದೆ ಯಾವುದೋ ಗುರುತಿನ ವಾಸನೆ. ಅದು ನೀಲಿ ಹೂವಿನ ಮೆಂತ್ಯ, ನಮ್ಮ ಮೆಂತ್ಯದ ಹತ್ತಿರದ ಸಂಬಂಧಿ. ಆಲ್ಪ್ಸ್ ಬೆಟ್ಟದ ಕಡೆಯವರು ಇದನ್ನು ಬ್ರೆಡ್ಡಿಗೆಂದೇ ಬೆಳೆಸುತ್ತಾರೆ.

ಇಷ್ಟಾದ ಮೇಲೂ ಎದ್ದುಹೋಗುವಂತಿಲ್ಲ. ‘ಕೆಶ್ಟನ್’ ಬರಬೇಕು, ಅಂದರೆ ಚೆಸ್ಟ್‌ನಟ್. ಪ್ರತಿ ಕಾಯಿಯ ಸಿಪ್ಪೆಗೂ ಚಾಕುವಿನಿಂದ ಒಂದು ಗೀರು ಹಾಕಿರುತ್ತಾರೆ. ಇಲ್ಲದಿದ್ದರೆ ಒಳಗಿನ ಹಬೆಗೆ ದಾರಿ ಇಲ್ಲದೆ ಪಟಾಕಿಯಾಗುತ್ತದೆ. ತಳದಲ್ಲಿ ತೂತುಗಳಿರುವ, ಉದ್ದ ಹಿಡಿಯ ಬಾಣಲೆಯಲ್ಲಿ ಹಾಕಿ ಬೆಂಕಿಯ ಮೇಲೆ ಕುಲುಕುತ್ತಾ ಹುರಿಯುತ್ತಾರೆ. ಗೀರು ಬಾಯಿ ಬಿಟ್ಟು ಅಂಚು ಕಪ್ಪಾದ ಮೇಲೆ ಬಟ್ಟೆಯಲ್ಲಿ ಸುತ್ತಿ ಸ್ವಲ್ಪ ಹೊತ್ತು ಬಿಡುತ್ತಾರೆ. ಆಗ ಸಿಪ್ಪೆಯೂ ಅದರೊಳಗಿನ ಒಗರು ಪೊರೆಯೂ ಒಟ್ಟಿಗೆ ಬಿಡುತ್ತವೆ. ಆರಿದರೆ ಪೊರೆ ಮತ್ತೆ ಅಂಟಿಕೊಳ್ಳುತ್ತದೆ, ಆದ್ದರಿಂದ ಬೆರಳು ಸುಟ್ಟರೂ ಬಿಸಿಬಿಸಿಯಲ್ಲೇ ಸುಲಿಯಬೇಕು. ಒಳಗಿನ ಹಳದಿ ತಿರುಳಿಗೆ ಒಂದು ಚೂರು ಬೆಣ್ಣೆ ಸವರಿ ಬಾಯಿಗೆ ಹಾಕಿಕೊಳ್ಳುತ್ತಾರೆ. ಎಲ್ಲರ ಉಗುರೂ ಮಸಿ ಮಸಿ. ಗುರುತು ಪರಿಚಯ ಇಲ್ಲದವರು ಮಾತಿಗೆ ಶುರುಮಾಡುವುದು ಸಾಮಾನ್ಯವಾಗಿ ಈ ಹೊತ್ತಿನಲ್ಲೇ.

ನಡೆಯುವುದಕ್ಕೆ ದಾರಿಗಳು ಬಹಳ ಇವೆ. ಹೆಸರುವಾಸಿಯಾದದ್ದು ಕೆಶ್ಟನ್‌ವೆಗ್, ಚೆಸ್ಟ್‌ನಟ್ ದಾರಿ. ಬ್ರಿಕ್ಸನ್ ಪಕ್ಕದಲ್ಲಿ 1142ರಲ್ಲಿ ಕಟ್ಟಿದ ನಾಯ್‌ಶ್ಟಿಫ್ಟ್ ಮಠವಿದೆ, ಅದಕ್ಕೆ ಸ್ವಂತ ದ್ರಾಕ್ಷಿ ತೋಟಗಳೂ ವೈನ್ ತಯಾರಿಕೆಯೂ ಇವೆ. ಅಲ್ಲಿಂದ ಹೊರಟ ದಾರಿ ಕಣಿವೆಯ ಪಶ್ಚಿಮದ ಇಳಿಜಾರಿನಲ್ಲೇ ಸಾಗಿ, ಸುಮಾರು 60 ಕಿ.ಮೀ. ಆದ ಮೇಲೆ ಬೋಟ್ಸನ್ ಹತ್ತಿರದ ರುಂಕಲ್‌ಶ್ಟೈನ್ ಕೋಟೆಗೆ ಮುಟ್ಟುತ್ತದೆ. ಕಂಬದ ಮೇಲೆ ಚೆಸ್ಟ್‌ನಟ್ ಚಿತ್ರ ಕಂಡರೆ ದಾರಿ ಸರಿ ಇದೆ ಅಂತ. ಫೆಲ್ಟುರ್ನ್ಸ್ ಸುತ್ತಮುತ್ತ ತೋಪು ದಟ್ಟ. ಕ್ಲೌಸನ್ ಊರಿನ ಮೇಲೆ ಬಂಡೆಯ ನೆತ್ತಿಯಲ್ಲಿ ಸೇಬನ್ ಮಠ. ಬಾರ್ಬಿಯಾನ್‌ನಲ್ಲಿ ಚರ್ಚಿನ ಗೋಪುರ ಕಣ್ಣಿಗೆ ಕಾಣುವಷ್ಟು ವಾಲಿದೆ. ಮುಂದೆ ರಿಟ್ಟನ್ ಪ್ರಸ್ಥಭೂಮಿಯಲ್ಲಿ ಮಣ್ಣಿನ ಪಿರಮಿಡ್ಡುಗಳು: ಹಿಮನದಿ ಬಿಟ್ಟುಹೋದ ಮಣ್ಣನ್ನು ಮಳೆ ಕೊರೆದು ಮಾಡಿದ ಕಂಬಗಳು, ತಲೆಯ ಮೇಲೊಂದು ಕಲ್ಲು. ಆ ಕಲ್ಲು ಬಿದ್ದರೆ ಕಂಬವೂ ಬೇಗ ಕರಗುತ್ತದೆ.

ಪ್ಯಾಕೇಜ್‌ನವರು ಇದನ್ನೇ ನಾಲ್ಕೈದು ದಿನಕ್ಕೆ ಹಂಚುತ್ತಾರೆ. ದಾರಿ ಕಷ್ಟವಲ್ಲ, ಹಗ್ಗ ಹಿಡಿದು ಹತ್ತುವ ಕೆಲಸ ಇಲ್ಲ, ಮಂಡಿ ನೆಟ್ಟಗಿದ್ದರೆ ಸಾಕು. ಹಾಗಾದರೆ ಗೈಡ್ ಯಾಕೆ? ದಾರಿ ತೋರಿಸುವುದಕ್ಕಿಂತ ಬಾಗಿಲು ತೆರೆಸುವುದಕ್ಕೆ. ಯಾವ ಮನೆಯಲ್ಲಿ ಸೂಸರ್ ಇನ್ನೂ ಉಳಿದಿದೆ, ಯಾರು ವಾರದ ಯಾವ ದಿನ ಒಲೆ ಹಚ್ಚುತ್ತಾರೆ ಅನ್ನುವುದು ಊರವರಿಗೇ ಗೊತ್ತು. ಇನ್ನೊಂದು ಕಾರಣ ಕತ್ತಲು. ನವೆಂಬರ್‌ನಲ್ಲಿ ಸಂಜೆ ಐದಕ್ಕೆಲ್ಲ ಸೂರ್ಯ ಮುಳುಗಿರುತ್ತಾನೆ. ವೈನ್ ಕುಡಿದು, ಒದ್ದೆ ಎಲೆ ಬಿದ್ದ ಕಾಲುದಾರಿಯಲ್ಲಿ ಟಾರ್ಚ್ ಹಿಡಿದು ಇಳಿಯುವಾಗ ಕುಡಿಯದ ಒಬ್ಬರು ಮುಂದೆ ಇರುವುದು ಒಳ್ಳೆಯದು.

ಜನಪ್ರಿಯವಾದ ಮೇಲೆ ಆಗಬೇಕಾದದ್ದೂ ಆಗಿದೆ. ಬಸ್ಸಿನಲ್ಲಿ ಬಂದು, ದೊಡ್ಡ ಹಾಲಿನಲ್ಲಿ ಕೂತು, ಮಾಂಸದ ತಟ್ಟೆ ಮುಗಿಸಿ, ಮತ್ತೆ ಬಸ್ಸು ಹತ್ತುವುದಕ್ಕೂ ಈಗ ಟೋರ್ಗೆಲೆನ್ ಅಂತಲೇ ಬೋರ್ಡು. ತಿಂದು ಹೋಗಲಿ, ಬೇಡ ಅನ್ನಲು ನಾವ್ಯಾರು? ಆದರೆ ದ್ರಾಕ್ಷಿ ತೋಟವೂ ಇಲ್ಲದ, ಗಾಣವೂ ಇಲ್ಲದ, ನಡಿಗೆಯೂ ಇಲ್ಲದ ಕಡೆ ಈ ಹೆಸರು ಯಾಕೆ ಅನ್ನುವುದು ಅರ್ಥವಾಗುವುದಿಲ್ಲ. ಬುಕ್ ಮಾಡುವ ಮುಂಚೆ ‘ವೈನ್ ನಿಮ್ಮದೇ ತೋಟದ್ದಾ?’ ಅಂತ ಒಂದು ಪ್ರಶ್ನೆ ಕೇಳಿದರೆ ಬಹಳಷ್ಟು ತಿಳಿಯುತ್ತದೆ.

ಮ್ಯೂನಿಕ್ ಕಡೆ ಇರುವ ಕನ್ನಡಿಗರಿಗೆ ಇದು ಹತ್ತಿರ. ಬ್ರೆನ್ನರ್ ಕಣಿವೆಮಾರ್ಗದ ಮೇಲೆ ಇಟಲಿಗೆ ಹೋಗುವ ರೈಲು ಬ್ರಿಕ್ಸನ್‌ನಲ್ಲೂ ಬೋಟ್ಸನ್‌ನಲ್ಲೂ ನಿಲ್ಲುತ್ತದೆ. ಕಾರಿಗಿಂತ ರೈಲೇ ವಾಸಿ, ಯಾಕೆಂದರೆ ಇಟಲಿಯಲ್ಲಿ ಗಾಡಿ ಓಡಿಸುವವರ ರಕ್ತದಲ್ಲಿ ಲೀಟರಿಗೆ 0.5 ಗ್ರಾಂಗಿಂತ ಹೆಚ್ಚು ಆಲ್ಕೋಹಾಲ್ ಇರುವಂತಿಲ್ಲ. ಸಸ್ಯಾಹಾರಿಗಳು ಮುಂಚೆಯೇ ಹೇಳಿ. ಬಾರ್ಲಿ ಸೂಪಿನಲ್ಲಿ ಹೊಗೆ ಹಾಕಿದ ಹಂದಿ ಮಾಂಸದ ಚೂರು ಇರುತ್ತದೆ, ಕೇಳದೆ ಕುಡಿಯಬೇಡಿ. ಶ್ಲುಟ್ಸ್‌ಕ್ರಾಪ್ಫನ್, ಪಾಲಕ್ ಅಥವಾ ಚೀಸ್ ಹಾಕಿದ ಕ್ನ್ಯೋಡಲ್, ಚೆಸ್ಟ್‌ನಟ್ ಇಷ್ಟರಲ್ಲೇ ಹೊಟ್ಟೆ ತುಂಬುತ್ತದೆ, ಮೊಟ್ಟೆ ತಿನ್ನದವರು ಮಾತ್ರ ಅದನ್ನೂ ವಿಚಾರಿಸಿಕೊಳ್ಳಬೇಕು. ವೈನ್ ಬೇಡದವರಿಗೆ ಸೇಬಿನ ರಸ ಇದೆ, ಸೇಬು ಆ ಸೀಮೆಯ ದೊಡ್ಡ ಬೆಳೆ. ಅಕ್ಟೋಬರ್‌ನ ಶನಿವಾರ, ಭಾನುವಾರಗಳಲ್ಲಿ ಸಣ್ಣ ಮನೆಗಳಲ್ಲಿ ಮೇಜು ಸಿಗುವುದು ಕಷ್ಟ. ವಾರದ ಮಧ್ಯೆ ಫೋನ್ ಮಾಡಿ ಹೋಗಿ.