ಕೋಡಿ ‘ಬಿತ್ತು’ ಅಂದರೆ ಕುಸಿಯಿತು ಅಂತಲ್ಲ

‘ಕೆರೆಯ ಒಡ್ಡು (2)’ ಎಂದು ಸುಳಿವು ಕೊಟ್ಟು ‘ಕೋಡಿ’ ಎಂದು ಉತ್ತರ ಅಚ್ಚು ಹಾಕುವ ಪದಬಂಧಗಳು ಇನ್ನೂ ಬರುತ್ತಲೇ ಇವೆ. ಕೋಡಿ ಅಂದರೆ ತುಂಬಿದ ಕೆರೆಯ ಹೆಚ್ಚಿನ ನೀರು ಹೊರಬೀಳುವ ಜಾಗ. ಒಡ್ಡು ಅಂದರೆ ಏರಿ, ನೀರು ತಡೆಯುವ ಮಣ್ಣಿನ ದಿಬ್ಬ. ಅದಕ್ಕೂ ಎರಡೇ ಮನೆ ಸಾಕು. ಹಾಗಾಗಿ ಮೇಲಿನಿಂದ ಇಳಿದ ಪದ ಮೊದಲ ಮನೆಗೆ ‘ಕೋ’ ತಂದು ಕೂರಿಸುವವರೆಗೂ ಬಿಡಿಸುವವರು ‘ಏರಿ’ ಎಂದೇ ಬರೆದುಕೊಂಡಿರುತ್ತಾರೆ, ಸರಿಯಾಗಿಯೇ ಬರೆದಿರುತ್ತಾರೆ. ‘ಕೆರೆಯಿಂದ ನೀರು ಬಿಡುವ ಬಾಗಿಲು’ ಎಂದರೂ ಕೋಡಿಯಲ್ಲ, ತೂಬು. ತೂಬನ್ನು ನೀರುಗಂಟಿ ಗದ್ದೆಗೆ ಬೇಕಾದಾಗ ತೆಗೆಯುತ್ತಾನೆ, ಸಾಕಾದಾಗ ಮುಚ್ಚುತ್ತಾನೆ. ಕೋಡಿಗೆ ತೆಗೆಯುವ ಮುಚ್ಚುವ ಬಾಬತ್ತೇ ಇಲ್ಲ. ಕೆರೆ ತುಂಬಿದರೆ ನೀರು ತಾನಾಗಿ ಅದರ ಮೇಲೆ ಹತ್ತಿ ಆಚೆ ಬೀಳುತ್ತದೆ.

ಆ ‘ಬೀಳು’ವಿನಲ್ಲೇ ಎಡವಟ್ಟು. ತುಮಕೂರು, ಕೋಲಾರ, ಚಿಕ್ಕಬಳ್ಳಾಪುರದ ಕಡೆ ‘ಕೆರೆ ಕೋಡಿ ಬಿತ್ತು’ ಎಂದರೆ ಗಂಗೆಪೂಜೆ, ಬಾಗಿನ, ಕೋಡಿ ನೋಡಲು ಹೊರಟ ಜನ. ಬಿದ್ದದ್ದು ನೀರು, ಕಟ್ಟಡವಲ್ಲ. ‘ಕೋಡಿ ಹರಿಯಿತು’, ‘ಕೋಡಿ ಹೋಯ್ತು’ ಎಂದರೂ ಇಷ್ಟೇ. ಕೆರೆ ಕಾಣದವರ ಕೈಗೆ ಸಿಕ್ಕರೆ ಇದು ‘ಕೋಡಿ ಒಡೆದ ಕೆರೆ, ರೈತರಲ್ಲಿ ಹರ್ಷ’ ಆಗಿಬಿಡುತ್ತದೆ. ಒಡೆದದ್ದಕ್ಕೆ ಹರ್ಷವೇಕೆ ಎಂದು ಬರೆದವರೂ ಕೇಳಿಕೊಳ್ಳುವುದಿಲ್ಲ. ಕಣ್ಣೀರಿನ ವಿಷಯದಲ್ಲೂ ಅದೇ ಕಲಬೆರಕೆ: ಕಣ್ಣೀರು ಕೋಡಿ ಹರಿಯುತ್ತದೆ, ದುಃಖದ ಕಟ್ಟೆ ಒಡೆಯುತ್ತದೆ. ಎರಡೂ ಕೆರೆಯಿಂದಲೇ ಬಂದ ಮಾತು, ಆದರೆ ಕೆರೆಯ ಬೇರೆ ಬೇರೆ ಜಾಗದಿಂದ.

ಕೋಡಿ ನಿಜವಾಗಿಯೂ ಒಡೆಯುವುದುಂಟು, ಆಗ ಹಾಗೆಯೇ ಬರೆಯಬೇಕು. ಮಣ್ಣಿನ ಏರಿಯ ಮೇಲೆ ನೀರು ಹತ್ತಿದರೆ ಏರಿ ಕೊರೆದುಹೋಗುತ್ತದೆ. ಅದಕ್ಕೇ ಕೋಡಿಯ ಮಟ್ಟ ಏರಿಯ ನೆತ್ತಿಗಿಂತ ತಗ್ಗು. ಏರಿಯ ನೆತ್ತಿ ಕೋಡಿಗಿಂತ 5 ಅಡಿ ಮೇಲಿದೆ ಎಂದಿಟ್ಟುಕೊಳ್ಳಿ. ಕೋಡಿಯ ಮೇಲೆ 2 ಅಡಿ ನೀರು ಹರಿದರೆ ಏರಿಗೆ 3 ಅಡಿ ಉಳಿಯಿತು. ಮೀನಿನ ಗುತ್ತಿಗೆಯವರು ಮರಿ ಕೊಚ್ಚಿಹೋಗದಿರಲಿ ಎಂದು ಕೋಡಿಗೆ ಬಲೆ ಕಟ್ಟಿ, ಬಲೆಗೆ ಜೊಂಡು ಸಿಕ್ಕಿಕೊಂಡು ನೀರು ಇನ್ನೊಂದು ಅಡಿ ಏರಿದರೆ ಉಳಿದದ್ದು ಎರಡೇ. ಹಳೆಯ ಕೋಡಿಗಳ ಮೇಲೆ ಸಾಲಾಗಿ ನಿಲ್ಲಿಸಿದ ಗಿಡ್ಡ ಕಲ್ಲುಗಳಿರುತ್ತವೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವುಗಳ ನಡುವೆ ಹುಲ್ಲುಹೆಂಟೆ, ಮಣ್ಣು ತುರುಕಿ ಒಂದಿಷ್ಟು ನೀರು ಹೆಚ್ಚಿಗೆ ಹಿಡಿಯುತ್ತಿದ್ದರು. ಜೋರುಮಳೆಗೆ ಮೊದಲು ಅದನ್ನು ಕಿತ್ತುಹಾಕದಿದ್ದರೆ ಕೆಟ್ಟಿತು. ಇದಕ್ಕೆ ತಿರುಗಾಮುರುಗಾ ಕೆರೆಯಂಗಳ ಒತ್ತಿಕೊಂಡವರ ಕೆಲಸ: ಬೆಳೆ ಮುಳುಗುತ್ತದೆಂದು ಹಾರೆ ಹಿಡಿದು ಕೋಡಿಯನ್ನೇ ಒಡೆಯುತ್ತಾರೆ. ‘ಕೋಡಿ ಒಡೆದರು’ ಎಂಬ ಸುದ್ದಿ ಅಲ್ಲಿ ಅಕ್ಷರಶಃ ಸರಿ.

ಇನ್ನು ಪದದ ಹುಟ್ಟು. ಕೋಡಿಗೂ ನೀರಿಗೂ ಮೂಲದಲ್ಲಿ ನಂಟಿಲ್ಲ. ಕೋಡಿ ಎಂದರೆ ತುದಿ, ಕೊನೆ. ತಮಿಳಿನಲ್ಲಿ ಇವತ್ತಿಗೂ ಅದೇ ಅರ್ಥ. ಕುಂದಾಪುರದ ಕೋಡಿ, ಉಡುಪಿ ಕಡೆಯ ಕೋಡಿಬೆಂಗ್ರೆ ಎರಡರಲ್ಲೂ ಕೆರೆಯ ಸುಳಿವಿಲ್ಲ. ಹೊಳೆ ಸಮುದ್ರ ಸೇರುವಲ್ಲಿ ಚಾಚಿಕೊಂಡ ನೆಲದ ತುದಿ ಅವು. ಏರಿಯ ಮೇಲೆ ನಡೆದುಹೋಗಿ, ಏರಿ ಮುಗಿಯುವಲ್ಲಿ ಸಾಮಾನ್ಯವಾಗಿ ಕೋಡಿ ಸಿಗುತ್ತದೆ. ಕಾರಣ ಸರಳ. ಏರಿಯ ನಡುಭಾಗ ಹಳ್ಳದ ಮೇಲೆ ಸುರಿದ ಮಣ್ಣು, ಅಲ್ಲೇ ಎತ್ತರವೂ ಹೆಚ್ಚು. ಅಲ್ಲಿಂದ ನೀರು ಬಿಟ್ಟರೆ ಬುಡ ತಿನ್ನುತ್ತದೆ. ತುದಿಯಲ್ಲಿ ಗಟ್ಟಿನೆಲವೋ ಬಂಡೆಯೋ ಇರುತ್ತದೆ. ತುದಿಯಲ್ಲಿದ್ದದ್ದಕ್ಕೆ ತುದಿಯ ಹೆಸರು ಬಂತು, ಆಮೇಲೆ ಅಲ್ಲಿ ಹರಿಯುವ ನೀರಿಗೂ ಅದೇ ಅಂಟಿತು. ಸಂಸ್ಕೃತದ ‘ಕೋಟಿ’ಗೂ ನೂರು ಲಕ್ಷದ ಜೊತೆಗೆ ಬಿಲ್ಲಿನ ತುದಿ ಎಂಬ ಅರ್ಥವಿದೆ: ಧನುಷ್ಕೋಟಿ.

ಶಾಸನಗಳ ‘ಕಟ್ಟುಕೊಡಗೆ’ಯನ್ನು ತಂದು ಇದಕ್ಕೆ ಗಂಟು ಹಾಕುವವರೂ ಇದ್ದಾರೆ. ಅದು ಕೆರೆ ಕಟ್ಟಿಸಿದವರಿಗೆ, ದುರಸ್ತಿ ನೋಡಿಕೊಳ್ಳುವವರಿಗೆ ಬಿಟ್ಟ ಭೂಮಿ. ಅಲ್ಲಿರುವುದು ‘ಕೊಡು’, ಹ್ರಸ್ವ. ಕೆರೆಯ ಪಕ್ಕ ಸಿಕ್ಕ ಪದವೆಲ್ಲ ಕೆರೆಯ ನೆಂಟನಲ್ಲ.

ಪದಬಂಧ ಬಿಡಿಸುವವರು ಎರಡನೆಯ ಮನೆ ತುಂಬುವವರೆಗೆ ಪೆನ್ನು ಊರಬಾರದು. ‘ತುದಿ (2)’ ಎಂಬ ಒಂದೇ ಸುಳಿವಿಗೆ ಕೋಡಿ, ಕೋಟಿ, ಕುಡಿ, ಕೊನೆ ನಾಲ್ಕೂ ಕೂರುತ್ತವೆ. ‘ಡು’ ಬಂದರೆ ಕೋಡು. ಸುಳಿವಿನಲ್ಲಿ ಕೊಂಬೋ ಶಿಖರವೋ ಇರಬೇಕು. ಕಟ್ಟುವವರಿಗೆ ‘ತುಂಬಿದ ಕೆರೆಯ ಹೆಚ್ಚುವರಿ ನೀರಿನ ದಾರಿ’ ಎಂದರೆ ಸಾಕಲ್ಲ? ‘ಮಳೆಗಾಲದಲ್ಲಿ’ ಎಂದು ಸೇರಿಸುವುದೂ ಬೇಡ: 2018ರಲ್ಲಿ ಬೆಂಗಳೂರಿನ ಕೋರಮಂಗಲ–ಚಲ್ಲಘಟ್ಟ (ಕೆ.ಸಿ.) ವ್ಯಾಲಿಯ ಸಂಸ್ಕರಿಸಿದ ಕೊಳಚೆ ನೀರು ಲಕ್ಷ್ಮೀಸಾಗರ ಕೆರೆಗೆ ಬಂದ ಮೇಲೆ ಕೋಲಾರದಲ್ಲಿ ಮಳೆಯಿಲ್ಲದೆಯೂ ಕೋಡಿ ಹರಿದಿದೆ.

ತೆಲುಗಿನಲ್ಲಿ ಕೋಡಿ ಎಂದರೆ ಕೋಳಿ, ಕೆರೆಯ ಕೋಡಿಗೆ ಅವರು ಮರುವ ಅನ್ನುತ್ತಾರೆ. ಬಾಗೇಪಲ್ಲಿ, ಪಾವಗಡದಲ್ಲಿ ಎರಡು ಭಾಷೆಯನ್ನೂ ಆಡುವವರು ಇದರಲ್ಲಿ ಎಂದೂ ತಪ್ಪುವುದಿಲ್ಲ. ‘ಗಡಿಯಾಚೆಯ ಕೋಳಿ (2)’ ಎಂದು ಸುಳಿವು ಕೊಟ್ಟರೂ ತಕರಾರಿಲ್ಲ, ಒಡ್ಡು ಎಂದು ಮಾತ್ರ ಬೇಡ.