ಬೋರ್ಡಿದೆ, ಹಕ್ಕಿ ಎಲ್ಲಿ?

ಪಂಜರದ ಮುಂದೆ ಹೆಸರಿನ ಬೋರ್ಡಿದೆ, ಒಳಗೆ ಹಕ್ಕಿಯಿಲ್ಲ. ಸತ್ತುಹೋಯಿತೇ ಎಂದು ಜನ ಕೇಳುತ್ತಾರೆ. ಮೃಗಾಲಯದ ವೈದ್ಯಳಾಗಿ ಹೇಳುವುದಾದರೆ, ಬಹಳ ಸಲ ಅದು ಹಿಂಬದಿಯಲ್ಲಿ, ನಿಮ್ಮ ಕಣ್ಣಿಗೆ ಬೀಳದ ಪಂಜರದಲ್ಲಿರುತ್ತದೆ. ಅಲ್ಲಿರುವುದು ಅದರ ಒಳ್ಳೆಯದಕ್ಕೇ.

ಮಂಗಟ್ಟೆಯನ್ನೇ (ಹಾರ್ನ್‌ಬಿಲ್) ನೋಡಿ. ಹೆಣ್ಣು ಪೊಟರೆಯೊಳಗೆ ಕೂತು, ತನ್ನದೇ ಹಿಕ್ಕೆಯಿಂದ ಬಾಗಿಲು ಮೆತ್ತಿಕೊಳ್ಳುತ್ತದೆ. ಉಳಿದ ಸಣ್ಣ ಸೀಳಿನಿಂದ ಗಂಡು ತಿಂಗಳುಗಟ್ಟಲೆ ಹಣ್ಣು ಉಣಿಸಬೇಕು. ಎದುರಿಗೆ ಜನ ಚಪ್ಪಾಳೆ ತಟ್ಟುತ್ತಾ ಫೋಟೊ ತೆಗೆಯುತ್ತಿದ್ದರೆ ಗಂಡು ಗೂಡಿನ ಹತ್ತಿರ ಬರಲು ಹಿಂಜರಿಯುತ್ತದೆ. ಮರಿ ಮಾಡಬೇಕೆಂದಿರುವ ಜೋಡಿಗೆ ಪ್ರದರ್ಶನದ ಪಂಜರ ಸರಿಯಾದ ಜಾಗವಲ್ಲ.

ಹಕ್ಕಿ ಕಾಯಿಲೆಯನ್ನು ಬಚ್ಚಿಡುತ್ತದೆ. ಕಾಡಿನಲ್ಲಿ ಸೊರಗಿದಂತೆ ಕಂಡರೆ ಬೇಟೆಗಾರ ಪ್ರಾಣಿಯ ಕಣ್ಣು ಅದರ ಮೇಲೇ. ಗರಿ ಉಬ್ಬಿಸಿ ಮೂಲೆಯಲ್ಲಿ ಕೂತಿದ್ದು ನಮಗೆ ಕಾಣುವ ಹೊತ್ತಿಗೆ ರೋಗ ಬಲಿತಿರುತ್ತದೆ. ಅದಕ್ಕೇ ನಾನು ತಕ್ಕಡಿಯನ್ನು ನಂಬುತ್ತೇನೆ. ಪಾಲಕರು ತಕ್ಕಡಿಯ ಮೇಲೊಂದು ಕೊಂಬೆ ಕಟ್ಟಿ, ಹಕ್ಕಿ ತಾನಾಗಿ ಬಂದು ಕೂರುವುದನ್ನು ರೂಢಿ ಮಾಡಿಸುತ್ತಾರೆ. ಹಿಕ್ಕೆಯ ಬಣ್ಣ, ಬಟ್ಟಲಲ್ಲಿ ಉಳಿದ ಕಾಳು, ಎದೆಮೂಳೆಯ ಎರಡೂ ಬದಿಯ ಮಾಂಸ ಇವೆಲ್ಲ ನನ್ನ ಓದು. ಅಂಗಾಲನ್ನೂ ಮರೆಯುವಂತಿಲ್ಲ: ಒಂದೇ ದಪ್ಪದ ನುಣುಪಾದ ಕಂಬಿಯ ಮೇಲೆ ದಿನವಿಡೀ ಕೂತ ಹಕ್ಕಿಗೆ ಪಾದದಡಿ ಬಾವು ಬರುತ್ತದೆ. ದಪ್ಪ, ಸಣ್ಣ, ಒರಟು ಕೊಂಬೆಗಳನ್ನು ಬೆರೆಸಿ ಕಟ್ಟುವುದೇ ಇದಕ್ಕೆ ಒಳ್ಳೆಯ ಮದ್ದು.

ಹೊಸದಾಗಿ ಬಂದ ಹಕ್ಕಿಯನ್ನು ಕನಿಷ್ಠ 30 ದಿನ ಪ್ರತ್ಯೇಕವಾಗಿಡುತ್ತೇವೆ. ಅದರ ಬಕೆಟ್, ಪೊರಕೆ, ಪಾಲಕರ ಬೂಟು ಎಲ್ಲ ಬೇರೆ. ಗಿಳಿಗಳಿಂದ ಮನುಷ್ಯರ ಶ್ವಾಸಕೋಶಕ್ಕೂ ತಗಲುವ ಸೋಂಕಿರುವುದರಿಂದ ಇದು ಪಾಲಕರ ರಕ್ಷಣೆಯೂ ಹೌದು. ಇಷ್ಟು ಮಾಡಿದರೂ ಆಕಾಶಕ್ಕೆ ಬಾಗಿಲು ಹಾಕಲಾಗದು. ತೆರೆದ ಕೊಳಕ್ಕೆ ಹೊರಗಿನ ಹೆಜ್ಜಾರ್ಲೆ, ಬಣ್ಣದ ಕೊಕ್ಕರೆಗಳೂ ಬಂದಿಳಿಯುತ್ತವೆ. 2017ರ ಜನವರಿಯಲ್ಲಿ ಎಚ್‌5ಎನ್‌8 ಹಕ್ಕಿಜ್ವರ ಕಾಣಿಸಿಕೊಂಡು ಮೈಸೂರು ಮೃಗಾಲಯವನ್ನೇ ಸುಮಾರು ಒಂದು ತಿಂಗಳು ಮುಚ್ಚಬೇಕಾಯಿತು.

ಹಿಂಬದಿಯ ಕೆಲಸಕ್ಕೆ ಎಷ್ಟು ಶಕ್ತಿಯಿದೆ ಎನ್ನುವುದಕ್ಕೆ ಅಮೆರಿಕದ ಕ್ಯಾಲಿಫೋರ್ನಿಯಾ ಕಾಂಡೋರ್ ರಣಹದ್ದೇ ಸಾಕ್ಷಿ. 1982ರಲ್ಲಿ ಉಳಿದಿದ್ದವು 22. 1987ರಲ್ಲಿ ಕಾಡಿನ ಕೊನೆಯ ಹಕ್ಕಿಯನ್ನೂ ಹಿಡಿದು ತಂದಾಗ ಒಟ್ಟು 27. ಸ್ಯಾನ್ ಡಿಯಾಗೊ, ಲಾಸ್ ಏಂಜಲೀಸ್ ಮೃಗಾಲಯಗಳು ಜನರಿಂದ ದೂರವಿಟ್ಟು ಅವುಗಳನ್ನು ಬೆಳೆಸಿದವು. ಮೊದಲ ಮೊಟ್ಟೆಯನ್ನು ತೆಗೆದು ಯಂತ್ರದಲ್ಲಿ ಕಾವು ಕೊಟ್ಟರೆ ತಾಯಿ ಇನ್ನೊಂದು ಇಡುತ್ತದೆ. ಉಣಿಸಿದವರನ್ನೇ ಮರಿ ತನ್ನ ಕುಲ ಎಂದುಕೊಳ್ಳುವುದರಿಂದ, ಪಾಲಕರು ಮುಖ ತೋರಿಸದೆ ಕಾಂಡೋರ್ ತಲೆಯ ಗೊಂಬೆಯನ್ನು ಕೈಗೆ ತೊಟ್ಟು ಉಣಿಸಿದರು. 1992ರಿಂದ ಅವು ಮತ್ತೆ ಬಯಲಿಗೆ ಹೋದವು.

ನಮ್ಮಲ್ಲಿ ಹಿಂಬದಿಯ ಪಂಜರ ಬೇಡುವ ಇನ್ನೊಂದು ಹಕ್ಕಿ ನಮ್ಮ ಹಸಿರು ಗಿಳಿ. ಅದನ್ನು ಮನೆಯಲ್ಲಿ ಸಾಕುವುದು ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ವಶಪಡಿಸಿಕೊಂಡು ತಂದವುಗಳಲ್ಲಿ ಅನೇಕಕ್ಕೆ ರೆಕ್ಕೆಯ ಗರಿ ಕತ್ತರಿಸಿರುತ್ತದೆ. ಕತ್ತರಿಸಿದ ಗರಿ ಬೆಳೆಯುವುದಿಲ್ಲ. ಅದು ಉದುರಿ ಹೊಸದು ಮೂಡಬೇಕು, ಅದಕ್ಕೆ ತಿಂಗಳುಗಳೇ ಬೇಕು. ಆಮೇಲೆ ಉದ್ದನೆಯ ಪಂಜರದಲ್ಲಿ ಹಾರಾಟದ ಅಭ್ಯಾಸ. ಅಷ್ಟರವರೆಗೆ ಮನುಷ್ಯರ ಮಾತು ಅವುಗಳ ಕಿವಿಗೆ ಕಡಿಮೆ ಬಿದ್ದಷ್ಟೂ ಮತ್ತೆ ಕಾಡಿಗೆ ಹೊಂದಿಕೊಳ್ಳುವ ಸಾಧ್ಯತೆ ಹೆಚ್ಚು.